ಕೇಂದ್ರ ಕಾರ್ಮಿಕ ಸಚಿವರಿಗೆ: ಆ ಸಾವಿರ ರೂಪಾಯಿ ಪಿಂಚಣಿ ಏರಿಸಿ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು. 11 ವರ್ಷ ಶರ್ಟಿನ ಕಾಲರ್ ಹೊಲಿದಿದ್ದೇನೆ. 58 ತುಂಬಿದ ಮೇಲೆ ಪಿಂಚಣಿ ಲೆಕ್ಕ ಹಾಕಿದರೆ ಸಾವಿರವೂ ಬರಲಿಲ್ಲ, ಕನಿಷ್ಠ ಪಿಂಚಣಿ ಅಂತ ಸಾವಿರಕ್ಕೆ ಏರಿಸಿ ಕೊಟ್ಟರು. ಅವತ್ತಿಂದ ಇವತ್ತಿನವರೆಗೂ ಅದೇ ಸಾವಿರ.

ಇಪಿಎಸ್-95, ಅಂದರೆ 1995ರ ನೌಕರರ ಪಿಂಚಣಿ ಯೋಜನೆಯ ಲೆಕ್ಕ ನಿಮಗೆ ನಾನು ಹೇಳಬೇಕಿಲ್ಲ. ಸಂಬಳಕ್ಕೆ ಸರ್ವಿಸ್ ಗುಣಿಸಿ 70ರಿಂದ ಭಾಗಿಸಿದರೆ ನಮ್ಮಂಥ ಕಡಿಮೆ ಸಂಬಳದವರಿಗೆ ಏನು ಸಿಗುತ್ತದೆ ಅಂತ ನಿಮಗೂ ಗೊತ್ತು. ಅದಕ್ಕೇ ಅಲ್ವಾ 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಸಾವಿರ ಅಂತ ಮಾಡಿದ್ದು? ಆಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ತುಟ್ಟಿಭತ್ಯೆಯೂ ಇಲ್ಲ. ಬಿಪಿ, ಶುಗರ್ ಮಾತ್ರೆಗೇ ನನಗೆ ತಿಂಗಳಿಗೆ 740 ರೂಪಾಯಿ ಬೇಕು. ಉಳಿದ 260ರಲ್ಲಿ ಏನು ಮಾಡಲಿ, ನೀವೇ ಹೇಳಿ.

ಆ ಸಾವಿರವೂ ಹೋದ ವರ್ಷ ಮೂರು ತಿಂಗಳು ನಿಂತುಹೋಯಿತು. ಬದುಕಿದ್ದೇನೆ ಅಂತ ತೋರಿಸುವ ಜೀವನ ಪ್ರಮಾಣ ಪತ್ರ ಕೊಡೋಕೆ ಹೋದರೆ ಮಷೀನು ನನ್ನ ಬೆರಳು ತಗೊಳ್ಳಲಿಲ್ಲ. ತೋರುಬೆರಳಿಗೆ ಎರಡು ಸಲ ಸೂಜಿ ಹೊಕ್ಕ ಗುರುತಿದೆ, ಹೆಬ್ಬೆರಳಿನ ಗೆರೆ ಸವೆದಿದೆ. ಕೌಂಟರಿನ ಹುಡುಗ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅಂದ, ಹತ್ತೂ ಬೆರಳು ಇಡಿಸಿದ, ಆಮೇಲೆ "ಮ್ಯಾಚ್ ಆಗ್ತಿಲ್ಲಮ್ಮ, ನಾಳೆ ಬನ್ನಿ" ಅಂದ. ಬಸ್ಸು ಹೆಂಗಸರಿಗೆ ಫ್ರೀ ಇದ್ದಿದ್ದಕ್ಕೆ ನಾಲ್ಕು ಸಲ ಹೋಗಿ ಬಂದೆ, ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ. ಕೊನೆಗೆ ಪಕ್ಕದ ಮನೆ ಹುಡುಗಿ ಮೊಬೈಲಿನಲ್ಲಿ ನನ್ನ ಮುಖ ಹಿಡಿದು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದಳು. ಮುಖ ತೋರಿಸಿದರೂ ಆಗುತ್ತದೆ ಅಂತ ಆ ಆಫೀಸಿನಲ್ಲಿ ಒಬ್ಬರಾದರೂ ಬಾಯಿ ಬಿಟ್ಟು ಹೇಳಬಾರದಿತ್ತಾ? ಅವತ್ತು ಮನೆಗೆ ಬಂದು ಅತ್ತಿದ್ದೇನೆ ಸ್ವಾಮಿ, ಸಾವಿರ ರೂಪಾಯಿಗೆ.

ಸಾವಿರ ಸಾಲದು ಅಂತ ನಾವು ಮಾತ್ರ ಹೇಳುತ್ತಿಲ್ಲ. ಅದು ಜಾರಿಗೆ ಬರುವ ಮೊದಲೇ, 2013ರಲ್ಲಿ, ಕೋಶಿಯಾರಿ ಸಮಿತಿ ಕನಿಷ್ಠ 3,000 ಕೊಡಿ, ತುಟ್ಟಿಭತ್ಯೆ ಸೇರಿಸಿ ಅಂತ ಹೇಳಿತ್ತು. ಅದು ರಾಜ್ಯಸಭೆಯದೇ ಸಮಿತಿ. ಈಗ ಕಾರ್ಮಿಕರು ಕೇಳುತ್ತಿರುವುದು 7,500. ಮಾಜಿ ಸಂಸದರ ಪಿಂಚಣಿಯನ್ನು 2025ರಲ್ಲಿ 25,000ದಿಂದ 31,000ಕ್ಕೆ ಏರಿಸಿದಿರಿ, ಅದೂ 2023ರ ಏಪ್ರಿಲ್‌ನಿಂದಲೇ ಅನ್ವಯ. ಬೆಲೆ ಏರಿದೆ ಅಂತ ಅಲ್ವಾ ಏರಿಸಿದ್ದು? ಅದೇ ಅಂಗಡಿಯಲ್ಲೇ ಅಲ್ವಾ ನಾವೂ ಅಕ್ಕಿ ಬೇಳೆ ತರೋದು? ಅವರಿಗೆ ಒಂದೇ ಸಲ ಏರಿಸಿದ್ದು ಆರು ಸಾವಿರ. ನನಗೆ ಇಷ್ಟು ವರ್ಷದಲ್ಲಿ ಆರು ರೂಪಾಯಿ ಏರಿಲ್ಲ.

ಸುಮ್ನೆ ಕೇಳುತ್ತಿಲ್ಲ. ನಾನು ದುಡಿದಷ್ಟು ದಿನವೂ ಕಂಪನಿ ಪಾಲಿನ ಪಿಎಫ್‌ನಿಂದ ನನ್ನ ಸಂಬಳದ ಶೇಕಡಾ 8.33ರಷ್ಟು ಪಿಂಚಣಿ ನಿಧಿಗೆ ಹೋಗಿದೆ. ಅದು ನನ್ನ ದುಡಿಮೆಯ ಹಣ. ಕನಿಷ್ಠ ಪಿಂಚಣಿ 7,500 ಮಾಡಿ, ತುಟ್ಟಿಭತ್ಯೆ ಕೊಡಿ. ಪರಿಶೀಲನೆಯಲ್ಲಿದೆ ಅನ್ನುವ ಉತ್ತರ ಕೇಳಿ ಕೇಳಿ ಸಾಕಾಗಿದೆ. ನನಗೀಗ 68. ಜತೆಗೆ ಹೊಲಿಯುತ್ತಿದ್ದ ಇಬ್ಬರು ಆ ಸಾವಿರದಲ್ಲೇ ತೀರಿಕೊಂಡರು. 7,500 ಮಾಡಿ, ಯಾವ ತಿಂಗಳಿಂದ ಅಂತ ಹೇಳಿ.

ಇಂತಿ,
ಒಬ್ಬ ನಿವೃತ್ತ ಗಾರ್ಮೆಂಟ್ಸ್ ಟೈಲರ್