ಹಳೇ ಬೂಟು ಮನೆಗೆ ಕಳ್ಸು ಮಗಾ

ಮಗಾ, ದೊಡ್ಡಪ್ಪನ ಆಶೀರ್ವಾದ. ಇಲ್ಲಿ ಸಕಲೇಶಪುರದಲ್ಲಿ ಮಳೆ ಬಿಟ್ಟಿಲ್ಲ, ಉಳಿದಂತೆ ಎಲ್ಲಾ ಚೆನ್ನಾಗಿದೀವಿ.

ನಿಮ್ಮವ್ವ ಮೊನ್ನೆ ಫೋನಲ್ಲಿ ನಗ್ತಾ ನಗ್ತಾ ಹೇಳಿದ್ಲು, ಆರ್ಮಿಲಿ ಹೊಸ ಬೂಟು ಇಶ್ಯೂ ಆಗಿದ್ರೂ ಟ್ರಂಕಲ್ಲಿಟ್ಟು ಟ್ರೈನಿಂಗ್ ಟೈಮಿನ ಹಳೇದನ್ನೇ ಮೆಟ್ಕೊಂಡು ತಿರುಗ್ತಾನಂತೆ, ಅಡಿ ಬಾಯಿ ಬಿಟ್ಟಿದ್ದಕ್ಕೆ ಫೆವಿಕ್ವಿಕ್ ಹಾಕಿ ಅಂಟಿಸ್ಕೊಂಡಿದಾನಂತೆ ಅಂತ. ಅವಳಿಗೆ ತಮಾಷೆ. ನಂಗೆ ನಗು ಬರ್ಲಿಲ್ಲ, ಯಾಕಂದ್ರೆ ಇನ್ನು ಸ್ವಲ್ಪ ದಿನದಲ್ಲಿ ನಿಮ್ಮನ್ನ ಮೇಲಕ್ಕೆ, ಚಳಿ ಕಡೆ ಕಳಿಸ್ತಾರೆ ಅಂತ ಗೊತ್ತಾಯ್ತು. ಎಲ್ಲಿಗೆ ಅಂತ ನಾನು ಬರೆಯಲ್ಲ, ನೀನೂ ವಾಟ್ಸಾಪಲ್ಲಿ ಊರಿಗೆಲ್ಲಾ ಸಾರ್ಬೇಡ.

ನೋಡು, ಬೂಟಿನ ಮೇಲೆ ಆಸೆ ಇಟ್ಕೊಂಡಿದಾನಲ್ಲ ಅಂತ ಬೈಯೋಕೆ ಕೂತಿಲ್ಲ. ನಾನೂ ಹಲಸೂರು ಕೆರೆ ಪಕ್ಕ ಎಂಇಜಿ, ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೆಂಟರಲ್ಲಿ ಬೆವರು ಸುರಿಸಿದ ಥಂಬಿನೇ, ಅಲ್ಲಿನ ಸೈನಿಕರನ್ನ ಹಂಗೇ ಕರೆಯೋದು. ಸಿವಿಲಿಯನ್ನರಿಗೆ ಇದು ಅರ್ಥ ಆಗಲ್ಲ. ಮೊದಲು ಹಿಮ್ಮಡಿ ಸುಲಿದು ರಕ್ತ ಬರ್ಸಿದ ಬೂಟು, ಆಮೇಲೆ ಬೆರಳ ಹತ್ರ ಮಡಿಕೆ ಬಿದ್ದು ಕಾಲಿಗೆ ಎಷ್ಟು ಒಗ್ಗುತ್ತೆ ಅಂದ್ರೆ ಕತ್ತಲಲ್ಲಿ ಹತ್ತು ಜೋಡಿ ಮಧ್ಯೆ ಕೈ ಹಾಕಿದ್ರೂ ನಮ್ದು ಯಾವ್ದು ಅಂತ ಗೊತ್ತಾಗುತ್ತೆ. ಭಾನುವಾರ ಸಾಯಂಕಾಲ ಬ್ಯಾರಕ್ ಮೆಟ್ಟಿಲ ಮೇಲೆ ಕೂತು ಹತ್ತಿಗೆ ಒಂದು ಹನಿ ನೀರು, ಚೂರು ಚೆರ್ರಿ ಪಾಲಿಶ್, ಬೆರಳು ಸುತ್ತಿ ಸಣ್ಣ ಸಣ್ಣ ಸುತ್ತು ತಿಕ್ತಾ ಹೋದ್ರೆ ಮೂತಿಲಿ ಮುಖ ಕಾಣೋದು. ಟ್ರೈನಿಂಗ್ ಕೊಡೋ ಉಸ್ತಾದ್ ಏನೂ ಅನ್ನದೆ ಮುಂದೆ ಹೋದ್ರೆ ಅದೇ ದೊಡ್ಡ ಬಹುಮಾನ. ಆ ಬೂಟಲ್ಲೇ ದೈಹಿಕ ಪರೀಕ್ಷೆ ಬಿಪಿಇಟಿಲಿ 5 ಕಿಲೋಮೀಟರ್ ಓಡಿ ಎಕ್ಸಲೆಂಟ್ ತಗೊಂಡೆ, ಅದು ಲಕ್ಕಿ ಅಂತ ನಿಮ್ಮವ್ವನ ಹತ್ರ ಹೇಳಿದ್ಯಂತೆ. ಓಡಿದ್ದು ನಿನ್ನ ಕಾಲು ಕಣೋ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ಹಳೇ ಕಾಲದ ಅಮ್ಯುನಿಷನ್ ಬೂಟು ಅಂದ್ರೆ ಚರ್ಮದ ಅಡಿ, ದಾರದ ಹೊಲಿಗೆ, ಕೆಳಗೆ ಮೊಳೆ. ಅಡಿ ಸವೆದ್ರೆ ಮೋಚಿ ಬಿಚ್ಚಿ ಬೇರೆ ಹಾಕಿ ಕೊಡ್ತಿದ್ದ. ನಿನ್ನ ಡಿಎಂಎಸ್ ಬೂಟು ಹಂಗಲ್ಲ, ಡೈರೆಕ್ಟ್ ಮೌಲ್ಡೆಡ್ ಸೋಲ್ ಅಂತ ಹೆಸರಲ್ಲೇ ಇದ್ಯಲ್ಲ, ಮೇಲಿನ ಚರ್ಮಕ್ಕೆ ಅಡಿನ ಅಚ್ಚಲ್ಲಿ ನೇರವಾಗಿ ಎರಕ ಹೊಯ್ದಂಗೆ ಕೂರಿಸಿರ್ತಾರೆ, ಮೊಳೆನೂ ಇಲ್ಲ ದಾರನೂ ಇಲ್ಲ. ಒಂದ್ಸಲ ಬಾಯಿ ಬಿಡ್ತು ಅಂದ್ರೆ ನಿನ್ನ ಫೆವಿಕ್ವಿಕ್ಕು, ಬಸ್ ಸ್ಟ್ಯಾಂಡ್ ಮೋಚಿಯ ಹೊಲಿಗೆ, ಎಲ್ಲಾ ನಾಲ್ಕು ದಿನದ ಮಾತು. ಅದ್ರಲ್ಲೂ ಪಿಯು, ಅಂದ್ರೆ ಪಾಲಿಯುರೆಥೇನ್ ಸೋಲ್ ಆಗಿದ್ರೆ ಹಾಕದೆ ಇಟ್ರೂ ತೇವಕ್ಕೆ ಒಳಗೊಳಗೇ ಹಾಳಾಗುತ್ತೆ. ನಮ್ಮ ಪಕ್ಕದ ತೋಟದವರ ಮಗ ಟ್ರೆಕ್ಕಿಂಗ್ ಶೂ ಅಟ್ಟದ ಮೇಲಿಟ್ಟು ಬೆಂಗಳೂರಿಗೆ ಹೋಗಿದ್ದ, ಎರಡು ಮಳೆಗಾಲ ಬಿಟ್ಟು ಬಂದು ಹಾಕ್ಕೊಂಡು ಬಿಸಿಲೆ ಕಡೆ ಹೊರಟ್ರೆ ಅಡಿ ನೆನೆದ ರಸ್ಕ್ ಥರ ಪುಡಿಪುಡಿಯಾಗಿ ಉದುರಿ ಅರ್ಧ ದಾರಿಯಿಂದ ಸಾಕ್ಸಲ್ಲೇ ವಾಪಸ್ ಬಂದ.

ನಮ್ಮ ಕಂಪನಿಲಿ ಅರಕಲಗೂಡಿನವನೊಬ್ಬ ಇದ್ದ, ನಾಯಕ್ ರ್‍ಯಾಂಕು, ಥೇಟ್ ನಿನ್ನಂಗೇ ಬೂಟಿನ ಹುಚ್ಚು. ರಾಜಸ್ಥಾನದಲ್ಲಿ ಎಕ್ಸರ್ಸೈಸ್ ಟೈಮಲ್ಲಿ ರಾತ್ರಿ ಮಾರ್ಚು, ಬಲಗಾಲಿನ ಅಡಿ ಮುಂದಿನಿಂದ ಕಿತ್ಕೊಂಡು ಹೆಜ್ಜೆಗೊಂದು ಸಲ ಪಟ್ ಪಟ್ ಅಂತ ಬಡಿಯೋದು, ಮೊರದಷ್ಟು ಮರಳು ಒಳಗೆ. ಟೆಲಿಫೋನ್ ವೈರ್ ಸುತ್ತಿ ಕಟ್ಕೊಂಡು ನಡೆದ. ವೈರು ಪಾದದ ಮೇಲೆ ಕೊಯ್ದು, ಬೆಳಿಗ್ಗೆ ಸಾಕ್ಸ್ ಬಿಚ್ಚಿದ್ರೆ ಚರ್ಮನೂ ಜೊತೆಗೇ ಬಂತು. ಅವನ ಲೋಡನ್ನ ಹೊತ್ತಿದ್ದು ನಾವು. ಅದು ಮರುಭೂಮಿ, ಹೆಂಗೋ ಆಯ್ತು. ಹಿಮದಲ್ಲಿ ಹಂಗಾಗಿದ್ರೆ ಬೆರಳು ಉಳೀತಿರ್ಲಿಲ್ಲ.

1962ರ ಚೀನಾ ಯುದ್ಧದಲ್ಲಿ ಗಡಿಯ ನಾಮ್ಕಾ ಚು ನದಿ ಕಡೆ ಬಯಲುಸೀಮೆಯಿಂದ ಹಂಗಂಗೇ ಹತ್ತಿಸಿದ ಎಷ್ಟೋ ಜವಾನರ ಕಾಲಲ್ಲಿ ಇದ್ದಿದ್ದು ಕ್ಯಾನ್ವಾಸ್ ಶೂ. ಅವರಿಗೆ ಬೇರೆ ಗತಿ ಇರ್ಲಿಲ್ಲ, ನಿಂಗೆ ಟ್ರಂಕಲ್ಲಿ ಹೊಸದು ಬಿದ್ದಿದೆ. ಸಿಯಾಚಿನಲ್ಲಿ 1984ರಿಂದ ಇವತ್ತಿನವರೆಗೆ ಶತ್ರು ಗುಂಡಿಗಿಂತ ಚಳಿ, ಹಿಮ, ಎತ್ತರಕ್ಕೇ ಜಾಸ್ತಿ ಜನ ಹೋಗಿರೋದು. 2016ರಲ್ಲಿ ನಮ್ಮ ತೇಜೂರಿನ ಸುಬೇದಾರರು ಸಿಯಾಚಿನ್ ಹಿಮಕುಸಿತದಲ್ಲಿ ತೀರ್ಕೊಂಡ ಸುದ್ದಿ ಬಂದಾಗ ಹಾಸನವೇ ಮೌನ ಆಗಿತ್ತು, ನೀನಾಗ ಹೈಸ್ಕೂಲು, ನೆನಪಿರ್ಬೇಕು. ಇನ್ನೊಂದು ಮಾತು, ನೀನು ಅಗ್ನಿವೀರ. ನಾಲ್ಕು ವರ್ಷ ಆದ್ಮೇಲೆ ನೂರಕ್ಕೆ ಇಪ್ಪತ್ತೈದು ಜನನ್ನ ಮಾತ್ರ ಇಟ್ಕೊಳ್ಳೋದು ಅಂತಿದ್ದಾಗ ಕಾಲು ಕೆಡಿಸ್ಕೊಂಡು ಮೆಡಿಕಲ್ ಕ್ಯಾಟಗರಿ ಇಳಿಸ್ಕೊಂಡ್ರೆ ಯಾರ ಹತ್ರ ಹೋಗಿ ಲಕ್ಕಿ ಬೂಟಿನ ಕಥೆ ಹೇಳ್ತೀಯ?

ಅದಕ್ಕೇ ಇವತ್ತೇ ಹೊಸದನ್ನ ತೆಗಿ. ಸಾಯಂಕಾಲ ಕಾಲು ಸ್ವಲ್ಪ ಊದಿರುತ್ತಲ್ಲ, ಆಗ ದಪ್ಪ ಸಾಕ್ಸ್ ಹಾಕ್ಕೊಂಡು ಮೆಟ್ಟಿ ನೋಡು, ಬೆರಳು ಒಳಗೆ ಆಡ್ಬೇಕು, ಹಿಮ್ಮಡಿ ಮೇಲೆ ಏಳ್ಬಾರ್ದು. ಬಿಗಿ ಅನ್ಸಿದ್ರೆ ನಾಚ್ಕೊಳ್ದೆ ಕ್ವಾರ್ಟರ್ ಮಾಸ್ಟರ್ ಸ್ಟೋರಲ್ಲಿ ಸೈಜ್ ಬದಲಾಯಿಸ್ಕೊ, ಬಿಗಿ ಬೂಟಲ್ಲಿ ರಕ್ತ ಓಡಲ್ಲ, ರಕ್ತ ಓಡದ ಕಡೆಗೇ ಚಳಿ ಮೊದಲು ಕಚ್ಚೋದು. ಮೊದಲು ಬ್ಯಾರಕಲ್ಲೇ ಒಂದೆರಡು ಗಂಟೆ, ಆಮೇಲೆ ಕುಕ್‌ಹೌಸಿಗೆ, ರೋಲ್ ಕಾಲಿಗೆ, ಆಮೇಲೆ ಸಣ್ಣ ನಡಿಗೆ. ಡೈರೆಕ್ಟಾಗಿ ಮಾರ್ಚಿಗೆ ಹಾಕ್ಬೇಡ. ಎಲ್ಲಾದ್ರೂ ಬಿಸಿ ಬಿಸಿ ಉಜ್ಜಿದಂಗೆ ಅನ್ಸಿದ ತಕ್ಷಣ ನಿಂತು ಟೇಪ್ ಹಚ್ಚು, ಗುಳ್ಳೆ ಎದ್ದ ಮೇಲೆ ಹಚ್ಚಿ ಪ್ರಯೋಜನ ಇಲ್ಲ. ಬೆವರಿದ ಸಾಕ್ಸಲ್ಲಿ ಮಲಗ್ಬೇಡ, ಒಂದು ಜೋಡಿ ಯಾವಾಗ್ಲೂ ಒಣಗಿದ್ದು ಇರ್ಲಿ. ನೆಂದ ಬೂಟನ್ನ ನಮ್ಮನೇಲಿ ಬಚ್ಚಲ ಒಲೆ ಪಕ್ಕ ಇಡ್ತಿದ್ವಲ್ಲ, ಆ ಅಭ್ಯಾಸ ಅಲ್ಲಿ ಬುಖಾರಿ, ಅಂದ್ರೆ ಕೋಣೆ ಬೆಚ್ಚಗಿಡೋ ಒಲೆ ಹತ್ರ ಮಾಡ್ಬೇಡ, ಚರ್ಮ ಸೀಳುತ್ತೆ, ಪೇಪರ್ ತುರುಕಿ ಗಾಳಿಗಿಡು. ಮೇಲೆ ಹೋದ್ಮೇಲೆ ಸ್ನೋ ಬೂಟು ಬೇರೆ ಕೊಡ್ತಾರೆ, ಅದಕ್ಕೂ ಇದೇ ಮಾತು. ಬೆರಳು ಜೋಮು ಹಿಡಿದ್ರೆ ಗಂಡಸ್ತನ ತೋರಿಸ್ತಾ ಕೂರದೆ ನರ್ಸಿಂಗ್ ಅಸಿಸ್ಟೆಂಟ್‌ಗೆ ಹೇಳು, ಹಿಮ ಹಾಕಿ ತಿಕ್ಕು ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡ.

ಹಳೇ ಜೋಡಿನ ಎಸಿ ಅಂತ ನಾನು ಹೇಳಲ್ಲ. ಅದನ್ನ ನೀನೇ ಇಟ್ಕೊಳ್ಳಬಹುದಾ, ವಾಪಸ್ ಜಮಾ ಮಾಡ್ಬೇಕಾ ಅಂತ ಹವಾಲ್ದಾರ್ ಹತ್ರ ಕೇಳ್ಕೊ. ಇಟ್ಕೊಳ್ಳಬಹುದು ಅಂದ್ರೆ ರಜೆಗೆ ಬರೋ ಯಾರ ಕೈಲಾದ್ರೂ ಹಾಸನದವರೆಗೆ ಕಳ್ಸು, ನಾನೇ ಹೋಗಿ ತರ್ತೀನಿ. ನಿಮ್ಮವ್ವನ ಕೈಗೆ ಸಿಕ್ರೆ ತೋಟದ ಆಳಿಗೆ ಕೊಟ್ಬಿಡ್ತಾಳೆ, ಅವಳಿಗೆ ಹೇಳ್ಬೇಡ. ಹೊಸ ಬೂಟಿನ ಸೈಜ್ ಎಷ್ಟು, ಹಿಮ್ಮಡಿ ಹೆಂಗಿದೆ ಅಂತ ಭಾನುವಾರ ಫೋನ್ ಮಾಡಿ ಹೇಳು, ದಪ್ಪ ಉಲ್ಲನ್ ಸಾಕ್ಸ್ ಬೇಕಿದ್ರೆ ಆವಾಗ್ಲೇ ಹೇಳ್ಬಿಡು, ಪಾರ್ಸಲ್ ಹಾಕ್ತೀನಿ.

ಇಂತಿ,
ನಿನ್ನ ದೊಡ್ಡಪ್ಪ
ಸಕಲೇಶಪುರ