ಪುಟ್ಟಿಗೆ, ರಾತ್ರಿ ಊಟದ ವಿಷಯವಾಗಿ

ತೀರ್ಥಹಳ್ಳಿ
ಆಷಾಢ, ಕರೆಂಟು ಹೋಗಿದೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆ ಸುದ್ದಿ, ತೋಟಕ್ಕೆ ಕೊಳೆ ಬಿದ್ದದ್ದು, ಅಡಿಕೆ ರೇಟು ಎಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ. ಅದನ್ನು ಬಿಡುತ್ತೇನೆ. ನಿನ್ನ ಕಾಗದವನ್ನು ಅತ್ತೆ ಗಟ್ಟಿಯಾಗಿ ಓದಿದಳು. ಡಯಟ್ಟಿನ ಪುರಾಣ ಕೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಯಲ್ಲಿ, ‘ಆಫೀಸಿನ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು, ಸ್ವಲ್ಪ ಹೊತ್ತು ಕೂತೆ, ಸರಿಹೋಯಿತು’ ಅಂತ ಒಂದು ಸಾಲು ಬರೆದಿದ್ದೀಯಲ್ಲ, ಅಲ್ಲಿಗೆ ನಗು ನಿಂತಿತು. ಫೋನಿನಲ್ಲಿ ಕೇಳಿದರೆ ‘ಆಯ್ತು ಮಾವ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೆಪ ಹೇಳುವುದರಲ್ಲಿ ನಾನೇ ನಿನ್ನ ಗುರು, ಒಪ್ಪುತ್ತೇನೆ. ಶುಗರ್ ಇದೆ, ತೂಕ ಇಳಿಸಿ ಅಂತ ಡಾಕ್ಟರು ಹೇಳಿದಾಗಿನಿಂದ ನಾನು ಹೊಸ ಹೊಸ ಕಾನೂನು ಮಾಡುತ್ತಲೇ ಇದ್ದೇನೆ. ಎಲೆಗೆ ಬಡಿಸಿದ್ದು ಮಾತ್ರ ಊಟ. ಒಲೆ ಹತ್ತಿರ ನಿಂತು ತಿಂದದ್ದು ಉಪ್ಪು ನೋಡಿದ್ದು. ಹಲಸಿನ ಹಣ್ಣು ನಮ್ಮ ಮರದ್ದೇ, ದುಡ್ಡು ಕೊಟ್ಟು ತಂದದ್ದಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಇಂಥ ಸೀಮೆಯಲ್ಲಿ ಕಡುಬಿಗೆ ತುಪ್ಪ ಹಾಕಿಕೊಳ್ಳದಿದ್ದರೆ ಮೈ ಬೆಚ್ಚಗಿರುವುದು ಹೇಗೆ? ವಾಕಿಂಗ್ ಹೋಗೋಣ ಅಂದರೆ ದಾರಿ ತುಂಬ ಉಂಬಳ. ಉಂಬಳ ರಕ್ತ ಹೀರಿದರೂ ತೂಕ ಇಳಿಯುತ್ತದೆ, ಆದರೆ ತೀರಾ ನಿಧಾನ. ಇನ್ನು ಸೊಪ್ಪು ತಿನ್ನಿ ಅನ್ನುವವರಿಗೆ ನಾನು ಸಕ್ರೆಬೈಲಿನ ದಾರಿ ತೋರಿಸುತ್ತೇನೆ. ಅಲ್ಲಿನ ಆನೆಗಳು ಸೊಪ್ಪುಸದೆ ತಿನ್ನುತ್ತವೆ, ಕಾಡು ಸುತ್ತುತ್ತವೆ, ತುಂಗೆಯಲ್ಲಿ ಸ್ನಾನ ಮಾಡುತ್ತವೆ. ಒಂದಾದರೂ ತೆಳ್ಳಗಾಯಿತಾ?

ಇಷ್ಟೆಲ್ಲ ಹೇಳಿದರೂ ನಾನು ಹೊತ್ತು ಹೊತ್ತಿಗೆ ಉಣ್ಣುತ್ತೇನೆ ಮಗಳೇ. ನನ್ನ ನೆಪವೆಲ್ಲ ತಿನ್ನುವುದಕ್ಕೆ. ನಿನ್ನದು ತಿನ್ನದೆ ಇರುವುದಕ್ಕೆ. ಬೆಳಿಗ್ಗೆ ಬಸ್ಸು ತಪ್ಪುತ್ತಿತ್ತು, ಮಧ್ಯಾಹ್ನ ಮೀಟಿಂಗ್ ಇತ್ತು, ರಾತ್ರಿ ಹಸಿವೇ ಇರಲಿಲ್ಲ. ನಿನ್ನ ಕಾಗದದಲ್ಲಿ ಇವು ಮೂರೂ ತಮಾಷೆಯಾಗಿಯೇ ಬಂದಿವೆ. ಒಟ್ಟಿಗೆ ಸೇರಿಸಿ ನೋಡಿದರೆ ಒಂದು ದಿನ ಪೂರ್ತಿ ಖಾಲಿ. ಆಮೇಲೆ ಮೆಟ್ಟಿಲು.

ಮೇಷ್ಟ್ರ ಬುದ್ಧಿ ಹೋಗುವುದಿಲ್ಲ, ಸ್ವಲ್ಪ ಲೆಕ್ಕ ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಫ್ರಿಜ್ಜಿನ ನೀರು ಕುಡಿದರೆ ಅದನ್ನು ಬಿಸಿ ಮಾಡಲು ದೇಹ ಕೊಬ್ಬು ಸುಡುತ್ತದೆ, ಆದ್ದರಿಂದ ತಣ್ಣೀರೇ ಔಷಧಿ ಅಂತ ಬರೆದಿದ್ದೀಯ. ತರ್ಕ ಸುಳ್ಳಲ್ಲ. ಲೆಕ್ಕದಲ್ಲಿ ಮಾತ್ರ ಸಾವಿರ ಪಟ್ಟು ವ್ಯತ್ಯಾಸ. ಊಟದ ವಿಷಯದಲ್ಲಿ ಒಂದು ಕ್ಯಾಲೊರಿ ಅಂದರೆ ಭೌತಶಾಸ್ತ್ರದ ಸಾವಿರ ಕ್ಯಾಲೊರಿ. 250 ಮಿಲಿಲೀಟರ್ ನೀರನ್ನು 5 ಡಿಗ್ರಿಯಿಂದ 37 ಡಿಗ್ರಿಗೆ ತರಲು ಊಟದ ಲೆಕ್ಕದಲ್ಲಿ ಬರೀ 8 ಕ್ಯಾಲೊರಿ ಸಾಕು. ಒಂದು ಹೋಳಿಗೆಗೆ 200 ಅಂತ ಇಟ್ಟುಕೋ. ಅದನ್ನು ಕರಗಿಸಲು 25 ಲೋಟ ಬೇಕು. ಆಮೇಲೆ ಬಚ್ಚಲಿಗೂ ಕೋಣೆಗೂ ಓಡಾಡಿ ಇಳಿಯುವ ತೂಕವೇ ಜಾಸ್ತಿ.

ಒಂದು ವಾರದಲ್ಲಿ ಮೂರು ಕೆಜಿ ಇಳಿಯಿತು ಅಂತ ಹಿಗ್ಗಿದ್ದೀಯ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲೊರಿ ಖರ್ಚಾಗಬೇಕು. ಮೂರು ಕೆಜಿಗೆ 23,100. ಏಳರಿಂದ ಭಾಗಿಸು, ದಿನಕ್ಕೆ 3300. ನೀನು ಏಳು ದಿನ ನೀರು ಬಿಟ್ಟು ಬೇರೇನೂ ಮುಟ್ಟದಿದ್ದರೂ ಕೂತು ಕೆಲಸ ಮಾಡುವ ನಿನ್ನ ಮೈ ಅಷ್ಟು ಸುಡುವುದಿಲ್ಲ. ಹಾಗಾದರೆ ಹೋದದ್ದೇನು? ಬಹುಪಾಲು ನೀರು. ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನು ಖರ್ಚಾಗುವಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ, ಒಂದು ಗ್ರಾಮಿಗೆ ಮೂರು ಗ್ರಾಮಿನಷ್ಟು. ಅಂಗಳದಲ್ಲಿ ಹರಡಿದ ಹಸಿ ಅಡಿಕೆ ಒಣಗಿ ತೂಕ ಇಳಿದ ಹಾಗೆ. ಎರಡು ದಿನ ಸರಿಯಾಗಿ ಉಂಡರೆ ಬಹುಪಾಲು ವಾಪಸ್ ಬರುತ್ತದೆ. ಈ ನೀರಿಗೋಸ್ಕರ ನೀನು ಮೆಟ್ಟಿಲ ಮೇಲೆ ಕೂರಬೇಕಾಯಿತಾ? ಬೀಳದೆ ಕೂತದ್ದು ಪುಣ್ಯ.

ಇನ್ನೊಂದು ಮಾತೂ ನನ್ನನ್ನು ಕೊರೆಯುತ್ತಿದೆ. ರಾತ್ರಿ ಊಟ ಬಿಟ್ಟು, ನಿದ್ದೆ ಬರುವ ತನಕ ಅಡುಗೆ ವಿಡಿಯೋ ನೋಡುತ್ತೇನೆ ಅಂದಿದ್ದೀಯ. ಅತ್ತೆಗೆ ಅದು ನಗು ತರಿಸಿತು. ನನಗೆ ತರಿಸಲಿಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದ. ಗಟ್ಟಿಮುಟ್ಟಾದ 36 ಯುವಕರು ತಾವಾಗಿಯೇ ಬಂದರು. ಅವರಿಗೆ ಆರು ತಿಂಗಳು ಅರೆಹೊಟ್ಟೆ ಊಟ. ತಲೆಸುತ್ತು, ಚಳಿ, ಸಿಡುಕು, ಕೂದಲು ಉದುರುವುದು ಎಲ್ಲ ಶುರುವಾಯಿತು. ಅದಕ್ಕಿಂತ ವಿಚಿತ್ರ ಅಂದರೆ, ಊಟ ಬಿಟ್ಟು ಬೇರೆ ಯೋಚನೆಯೇ ಬರದಂತಾಯಿತು. ಅಡುಗೆ ಪುಸ್ತಕಗಳನ್ನು ಕೂಡಿಟ್ಟುಕೊಂಡು ಕಥೆ ಪುಸ್ತಕದ ಹಾಗೆ ಓದತೊಡಗಿದರಂತೆ. ಅವರಿಗೆ ಕೊಡುತ್ತಿದ್ದದ್ದು ದಿನಕ್ಕೆ ಸುಮಾರು 1570 ಕ್ಯಾಲೊರಿ. ನಿನ್ನ ಫೋನಿನ ಡಯಟ್ ಆ್ಯಪು ನಿನಗೆ ದಿನಕ್ಕೆ ಕೊಟ್ಟಿರುವುದು 1200. ಅವರು ಗಂಡಸರು, ವಾರವಿಡೀ ನಡೆಯುತ್ತಿದ್ದರು, ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಆದರೂ ಆ ವಿಡಿಯೋ ನಿನಗೆ ಬೇಕಾಗಿರುವುದು ಹಸಿವಿಗೇ ಅಲ್ವಾ?

ನಿನ್ನ ದೊಡ್ಡಮ್ಮನ ಒಪ್ಪೊತ್ತಿನ ಕಥೆ ನಿನಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಒಂದು ಮಾತ್ರ ಬರೆಯುತ್ತೇನೆ, ಇದನ್ನು ಯಾರೂ ಹೇಳಿರಲಾರರು. ಅಡಿಕೆ ಸುಲಿಯುವ ದಿನಗಳಲ್ಲಿ ಮನೆ ತುಂಬ ಜನ. ಅಕ್ಕ ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಿದ್ದಳು. ಸೋಮವಾರ ಒಂದು ನೇಮ, ಶನಿವಾರ ಇನ್ನೊಂದು. ‘ಎಷ್ಟು ಕಟ್ಟುನಿಟ್ಟು ನೋಡಿ’ ಅಂತ ಊರೆಲ್ಲ ಹೊಗಳುತ್ತಿತ್ತು. ಅವಳ ಪಾಲಿಗೆ ಪಾತ್ರೆಯಲ್ಲಿ ಎಷ್ಟು ಉಳಿದಿದೆ ಅಂತ ಬಗ್ಗಿ ನೋಡಿದವರಿಲ್ಲ. ಬಾವಿಕಟ್ಟೆಯ ಹತ್ತಿರ ಅವಳೂ ಒಮ್ಮೆ ಕಣ್ಣು ಕತ್ತಲೆ ಬಂತು ಅಂತ ಕೂತಿದ್ದಳು. ಬಿಸಿಲಿಗೆ ಹಾಗಾಗಿದೆ ಅಂದೆವು. ಅವಳೂ ಹೌದು ಅಂದಳು. ಈಗ ನೀನು ‘ಸರಿಹೋಯಿತು’ ಅಂತ ಬರೆದರೆ ನನಗೆ ನಂಬಿಕೆ ಬರುವುದಿಲ್ಲ.

ಶಿವಮೊಗ್ಗದ ಆ ಮದುವೆಮನೆಯಲ್ಲಿ ‘ದಪ್ಪ ಆಗಿದ್ದೀಯಲ್ಲೇ’ ಅಂದರಲ್ಲ, ಇದೆಲ್ಲ ಅಲ್ಲಿಂದ ಶುರು ಅಂತ ನನ್ನ ಗುಮಾನಿ. ಅದೇ ಹೆಂಗಸು ಬೇಡ ಬೇಡ ಅಂದರೂ ನನ್ನ ಎಲೆಗೆ ಹೋಳಿಗೆ ಹಾಕಿಸಿದ್ದು ನೋಡಿದೆಯಾ? ಸೊರಗಿದರೆ ‘ಮನೆಯಲ್ಲಿ ಊಟ ಹಾಕಲ್ವಾ’ ಅನ್ನುತ್ತಾರೆ, ತುಂಬಿಕೊಂಡರೆ ‘ದಪ್ಪ’. ಅವರಿಗೆ ಮಾತಿಗೊಂದು ವಿಷಯ ಬೇಕು, ಅಷ್ಟೇ.

ತೂಕ ಇಳಿಸಲೇಬೇಡ ಅನ್ನುತ್ತಿಲ್ಲ. ನನ್ನ ಹೊಟ್ಟೆ ಇಟ್ಟುಕೊಂಡು ಅದರ ಬಗ್ಗೆ ಮಾತಾಡುವ ಹಕ್ಕು ನನಗೆ ಎಲ್ಲಿಂದ ಬರಬೇಕು. ಇಳಿಸುವುದಾದರೆ ತಿಂಗಳಿಗೆ ಎರಡು ಕೆಜಿ ಸಾಕು. ತೀರಾ ಅವಸರ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಜಾಸ್ತಿ. ರಾತ್ರಿ ಅನ್ನ ಬೇಡವಾದರೆ ಬೇಡ, ಒಂದೆಲಗದ ತಂಬುಳಿಗೆ ಒಂದು ರೊಟ್ಟಿಯಾದರೂ ಇರಲಿ. ಬೇಳೆಯೋ ಮೊಟ್ಟೆಯೋ ಏನಾದರೊಂದು ಸೇರಿಸಿಕೋ. ತುಪ್ಪ ಬಿಡು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ, ಸಣ್ಣ ಚಮಚ ಇಟ್ಟುಕೋ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಐದು ಗ್ರಾಂ ತುಪ್ಪಕ್ಕೆ 45. ಬದುಕಬಹುದು.

ಆ ಕತ್ತಲೆಯೊಂದನ್ನು ಮಾತ್ರ ಡಯಟ್ಟಿನ ಲೆಕ್ಕಕ್ಕೆ ಬರೆದು ಸುಮ್ನೆ ಆಗಬೇಡ. ರಕ್ತ ಕಡಿಮೆ ಇದ್ದರೂ ಹಾಗಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ನಿನ್ನ ಆ್ಯಪು ಏನೇ ಹೇಳಲಿ, ಮೊದಲು ಅದನ್ನು ಸರಿಮಾಡಬೇಕು. ಬಿಪಿಯನ್ನೂ ನೋಡಿಸು. ಈ ವಾರವೇ ಹೋಗು. ಮೀಟಿಂಗ್ ಇದೆ ಅನ್ನಬೇಡ, ನೆಪಗಳನ್ನು ನಾನು ಚೆನ್ನಾಗಿ ಬಲ್ಲೆ.

ಒಣಗಿಸಿದ ಅಣಬೆ, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಅತ್ತೆ ಬಸ್ಸಿಗೆ ಹಾಕುತ್ತಾಳಂತೆ. ಉಪ್ಪಿನಕಾಯಿ ಇದ್ದರೆ ಅನ್ನ ತಾನಾಗಿಯೇ ಒಳಗೆ ಹೋಗುತ್ತದೆ ಅನ್ನುವುದು ಅವಳ ಲೆಕ್ಕ, ನನ್ನದಲ್ಲ. ರಕ್ತದ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಅವಳ ಫೋನಿಗೇ ಕಳಿಸು. ನನ್ನ ಫೋನಿನಲ್ಲಿ ಅಕ್ಷರ ಕಾಣುವುದಿಲ್ಲ.

ಇಂತಿ ನಿನ್ನ ಮಾವ