ಎಚ್-ಇಂಡೆಕ್ಸ್ 20 ಮುಟ್ಟಿತು, ವಂದನೆ ಯಾರಿಗೆ ಸಲ್ಲಬೇಕು?

ಧಾರವಾಡದ ನಮ್ಮ ಮಣ್ಣು ಪ್ರಯೋಗಾಲಯದ ಮೇಡಂ ಅವರ ಎಚ್-ಇಂಡೆಕ್ಸ್ (ಪ್ರಬಂಧಗಳು ಎಷ್ಟು ಉಲ್ಲೇಖಗೊಂಡಿವೆ ಎಂಬುದರ ಒಂದು ಅಳತೆ) ಗೂಗಲ್ ಸ್ಕಾಲರ್ ತಾಣದಲ್ಲಿ 20 ಮುಟ್ಟಿದೆ. ಹಾರೈಸಿದ ಎಲ್ಲರಿಗೂ ಮೇಡಂ ಪರವಾಗಿ, ವಿದ್ಯಾರ್ಥಿ ಬಳಗದ ಪರವಾಗಿ ನಮಸ್ಕಾರ. ಬರೆದದ್ದು ಇಪ್ಪತ್ತೇ ಪ್ರಬಂಧವೇ ಎಂದು ಕೆಲವರು ಕೇಳಿದ್ದಾರೆ. ಹಾಗಲ್ಲ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಸೂಚಿಸಿದ ಲೆಕ್ಕವಿದು: ಕನಿಷ್ಠ 20 ಸಲ ಉಲ್ಲೇಖಗೊಂಡ ಪ್ರಬಂಧಗಳು 20 ಇವೆ ಎಂದರ್ಥ. ಒಂದೇ ಪ್ರಬಂಧಕ್ಕೆ ಸಾವಿರ ಉಲ್ಲೇಖ ಬಂದರೂ ಇಲ್ಲಿ ಅದು ಒಂದೇ. ತಮ್ಮದನ್ನು ತಾವೇ ಉಲ್ಲೇಖಿಸಿದ್ದನ್ನೂ ಸ್ಕಾಲರ್ ಎಣಿಸುವುದರಿಂದ ಈ ಅಂಕಿಯನ್ನು ತೀರಾ ತಲೆಯ ಮೇಲೆ ಹೊರುವುದೂ ಬೇಡ.

ನಮ್ಮ ಪ್ರಬಂಧಗಳಲ್ಲಿ ಹೊರಗಿನವರು ಎತ್ತಿಕೊಳ್ಳುವುದು ಹೆಚ್ಚಾಗಿ ಕೋಷ್ಟಕಗಳನ್ನು, ಕೊನೆಯ ತೀರ್ಮಾನವನ್ನಲ್ಲ. ಮಣ್ಣಿನ ಇಂಗಾಲದ ಸಂಗ್ರಹ ತೆಗೆಯಲು ಇಂಗಾಲದ ಶೇಕಡಾ ಒಂದೇ ಸಾಲದು, ಬಲ್ಕ್ ಡೆನ್ಸಿಟಿ (ಒಂದಿಷ್ಟು ಗಾತ್ರದ ಒಣ ಮಣ್ಣಿನ ತೂಕ) ಮತ್ತು ಆಳವೂ ಬೇಕು. ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಟನ್ ಎಂಬುದು ಸಿಗುತ್ತದೆ: ಇಂಗಾಲ 0.5 ಶೇಕಡಾ, ಡೆನ್ಸಿಟಿ ಘನ ಸೆಂ.ಮೀ.ಗೆ 1.3 ಗ್ರಾಂ, ಆಳ 15 ಸೆಂ.ಮೀ. ಆದರೆ 9.75 ಟನ್. ಡೆನ್ಸಿಟಿ ಕೊಡದ ಪ್ರಬಂಧವನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸುವವರು ಪಕ್ಕಕ್ಕಿಡುತ್ತಾರೆ. ನವಲಗುಂದ, ನರಗುಂದದ ಎರೆಹೊಲದಲ್ಲಿ ಅದನ್ನು ಅಳೆಯುವುದೇ ತಲೆನೋವು. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲಕ್ಕೆ ಮಾದರಿ ತೆಗೆಯುವ ಲೋಹದ ಉಂಗುರ ಬಡಿದರೆ ಮಣ್ಣು ಒಡೆದು ಬರುತ್ತದೆ. ಆದ್ದರಿಂದ ಹೆಂಟೆಯನ್ನೇ ಎತ್ತಿ, ದಾರ ಕಟ್ಟಿ, ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ, ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗಬೇಕು. ಮೇಣದ ತೂಕ, ಗಾತ್ರ ಕಳೆಯುವುದನ್ನು ಮರೆಯಬಾರದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಹಾಗಾಗಿ ತೇವಾಂಶ ಎಷ್ಟಿತ್ತೆಂದು ಪಕ್ಕದಲ್ಲಿ ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಹೆಂಟೆ ಒಡೆಯದಂತೆ ಹೊಲದಿಂದ ಜೀಪಿನವರೆಗೆ ಹೊತ್ತು ತಂದ ಕೂಲಿ ಅಣ್ಣಂದಿರಿಗೆ, ಅಕ್ಕಂದಿರಿಗೆ ಮೊದಲ ವಂದನೆ. ಡೆನ್ಸಿಟಿ ಎಲ್ಲಿ ಎಂದು ಪಟ್ಟು ಹಿಡಿದು ಪ್ರಬಂಧ ವಾಪಸ್ ಕಳಿಸಿದ ವಿಮರ್ಶಕರಿಗೂ ಋಣಿ. ಬಂದ ದಿನ ಹಾಗನ್ನಿಸಿರಲಿಲ್ಲ, ಅದು ಬೇರೆ ಮಾತು.

ಎರಡನೆಯದು ಪ್ರಯೋಗಾಲಯದ ಸಹಾಯಕರಿಗೆ. ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಪ್ರಕಟಿಸಿದ, ಮಣ್ಣಿನ ಸಾವಯವ ಇಂಗಾಲ ಅಳೆಯುವ ವಿಧಾನ ಓದಲು ಸುಲಭ: ಒಂದು ಗ್ರಾಂ ಮಣ್ಣಿಗೆ 10 ಮಿ.ಲೀ. ಡೈಕ್ರೋಮೇಟ್, 20 ಮಿ.ಲೀ. ಗಂಧಕಾಮ್ಲ, ಅರ್ಧ ಗಂಟೆ ಬಿಡು, ನೀರು ಮತ್ತು ಫಾಸ್ಫಾರಿಕ್ ಆಮ್ಲ ಹಾಕು, ಉಳಿದ ಡೈಕ್ರೋಮೇಟ್ ಎಷ್ಟೆಂದು ತಿಳಿಯಲು ಫೆರಸ್ ಅಮೋನಿಯಂ ಸಲ್ಫೇಟ್ ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡು. ನೀಲಿ-ನೇರಳೆ ಬಣ್ಣ ಒಂದೇ ಹನಿಗೆ ತಿಳಿ ಹಸಿರಾಗುತ್ತದೆ. ಕೈ ಸ್ವಲ್ಪ ಅವಸರಪಟ್ಟರೆ ಆ ಹನಿ ದಾಟಿಹೋಗುತ್ತದೆ. ಫೆರಸ್ ಅಮೋನಿಯಂ ಸಲ್ಫೇಟ್ ಗಾಳಿ ತಾಗಿ ದಿನದಿನಕ್ಕೂ ಶಕ್ತಿ ಕಳೆದುಕೊಳ್ಳುವುದರಿಂದ, ಮಣ್ಣಿಲ್ಲದ ಬ್ಲ್ಯಾಂಕ್ ಅನ್ನು ಪ್ರತಿದಿನವೂ ಓಡಿಸಬೇಕು. ನಿನ್ನೆಯ ಬ್ಲ್ಯಾಂಕ್ ಇಟ್ಟುಕೊಂಡರೆ ಇಂಗಾಲ ಕಡಿಮೆ ಬರುತ್ತದೆ. ಸವಳು ಮಣ್ಣಿನಲ್ಲಿ ಕ್ಲೋರೈಡ್ ಕೂಡ ಡೈಕ್ರೋಮೇಟನ್ನು ತಿನ್ನುವುದರಿಂದ ಇಂಗಾಲ ಹೆಚ್ಚು ತೋರುತ್ತದೆ. ಅದಕ್ಕೆ ಆಮ್ಲದಲ್ಲಿ ಸಿಲ್ವರ್ ಸಲ್ಫೇಟ್ ಬೆರೆಸಬೇಕು. ಮಲಪ್ರಭಾ ಕಾಲುವೆಯ ಕೆಳಗಿನ ಸವಳು ಮಾದರಿಗಳಿಗೆ ಇದನ್ನು ಬಿಡದೆ ಮಾಡಿದವರು ಇವರೇ. ವಿಧಾನ ಹಿಡಿಯುವುದು ಸರಾಸರಿ 77 ಶೇಕಡಾ ಇಂಗಾಲವನ್ನಷ್ಟೇ. ಉಳಿದದ್ದನ್ನು ಸರಿದೂಗಿಸಲು 1.3ರಿಂದ ಗುಣಿಸಿದ್ದೋ ಇಲ್ಲವೋ ಎಂಬ ಒಂದು ಸಾಲು ಕೋಷ್ಟಕದ ಕೆಳಗೆ ಇರಲೇಬೇಕು.

ಸತುವಿನ ಪ್ರಬಂಧಗಳಿಗೂ ಹೀಗೇ ಬೆಲೆ ಬಂದದ್ದು. ಗಿಡಕ್ಕೆ ಸಿಗುವ ಸತುವನ್ನು ಅಳೆಯುವ ಡಿಟಿಪಿಎ ವಿಧಾನದಲ್ಲಿ 10 ಗ್ರಾಂ ಮಣ್ಣು, 20 ಮಿ.ಲೀ. ದ್ರಾವಣ, ಎರಡು ಗಂಟೆ ಕುಲುಕಾಟ. ಸತು ಕೊರತೆಗೆ ಸಾಮಾನ್ಯವಾಗಿ ಹಿಡಿಯುವ ಗಡಿ ಕಿಲೋಗೆ 0.6 ಮಿಲಿಗ್ರಾಂ. ಇಷ್ಟು ಸಣ್ಣ ಅಂಕಿಯನ್ನು ತಗಡಿನ ಬಕೆಟ್ ಒಂದೇ ಕೆಡಿಸಬಲ್ಲದು, ಯಾಕೆಂದರೆ ಅದರ ಮೇಲಿನ ಲೇಪವೇ ಸತು. ಪ್ಲಾಸ್ಟಿಕ್ ಬುಟ್ಟಿ ಇಲ್ಲದೆ ಮಾದರಿ ತೆಗೆಯುವುದಿಲ್ಲ ಎಂದು ಹಟ ಹಿಡಿದ ಹಾವೇರಿ ಕಡೆಯ ತಂಡಕ್ಕೆ ಶರಣು.

ಗ್ರಂಥಪಾಲಕರ ಉಪಕಾರ ಹೊರಗೆ ಕಾಣುವುದಿಲ್ಲ. ಮದುವೆಗೆ ಮುಂಚಿನ ಅಡ್ಡಹೆಸರು, ಆಮೇಲಿನದು, ಇನಿಷಿಯಲ್ ಹಿಂದೆ ಮುಂದೆ, ಹೀಗೆ ಮೇಡಂ ಒಬ್ಬರೇ ಸ್ಕೋಪಸ್ ಎಂಬ ಪ್ರಬಂಧ ಸೂಚಿಯಲ್ಲಿ ಹಲವರಾಗಿ ಹಂಚಿಹೋಗಿದ್ದರು. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಮಾಡಿಸಿ, ಒಂದೊಂದೇ ಪ್ರಬಂಧ ಪರಿಶೀಲಿಸಿ ಜೋಡಿಸಿದವರು ಅವರು. ಅದೇ ಹೆಸರಿನ ಬೇರೊಬ್ಬರ ಪ್ರಬಂಧಗಳು ಸ್ಕಾಲರ್ ಪುಟಕ್ಕೆ ಸೇರಿಕೊಂಡಿದ್ದವು. ಸಂಖ್ಯೆ ಇಳಿದರೂ ಸರಿ ಎಂದು ಅವನ್ನು ತೆಗೆಸಿದವರೂ ಅವರೇ. ಸಂಶೋಧನೆಗೆ ಇಳಿಯುವ ಹುಡುಗರು ಮೊದಲ ಪ್ರಬಂಧದ ದಿನವೇ ಹೆಸರಿನ ಒಂದೇ ರೂಪ ಗೊತ್ತುಮಾಡಿಕೊಳ್ಳಿ.

ಇನ್ನು ಹೊಲ ಕೊಟ್ಟ ರೈತರು. ಹಿಂಗಾರಿ ಕಡಲೆ, ಜೋಳ ಕಟಾವಾದ ಮೇಲೆ ಆಳೆತ್ತರದ ಗುಂಡಿ ತೆಗೆಯಲು ಒಪ್ಪಿದಿರಿ. ತಿಪ್ಪೆ ಎಲ್ಲಿತ್ತು, ಬದು ಎಂದು ಹಾಕಿಸಿದ್ದು, ಕೆರೆಮಣ್ಣು ಯಾವ ಮೂಲೆಗೆ ಹೇರಿಸಿದ್ದು ಎಂದು ನೀವು ತೋರಿಸದಿದ್ದರೆ ಅಂಥ ಜಾಗದ ಮಣ್ಣೇ ಇಡೀ ಹೊಲದ ಹೆಸರಲ್ಲಿ ಅಚ್ಚಾಗುತ್ತಿತ್ತು. ಗುಂಡಿ ಮುಚ್ಚುವಾಗ ಕೆಳಗಿನ ಸುಣ್ಣದ ಹರಳು ಮೇಲೆ ಬಂತೆಂದು ಗದಗ ಕಡೆಯ ಕೆಲವರು ಹೇಳಿದ್ದು ನ್ಯಾಯವಾದ ದೂರು. ಈ ಸಲದಿಂದ ಅಗೆದ ಮಣ್ಣನ್ನು ಪದರವಾರು ಬೇರೆ ಬೇರೆ ತಾಡಪತ್ರಿಯ ಮೇಲೆ ಹಾಕಿಸಿ, ತಳದ್ದು ತಳಕ್ಕೆ, ಮೇಲ್ಮಣ್ಣು ಕೊನೆಗೆ ತುಂಬಿಸುತ್ತೇವೆ. ನಿಮ್ಮ ಹೊಲದ ಫಲಿತಾಂಶ ಕನ್ನಡದಲ್ಲಿ ಅಚ್ಚಾಗಿದೆ. ಪಹಣಿಯ ಸರ್ವೆ ನಂಬರ್ ಹೇಳಿ ಕಚೇರಿಯಲ್ಲಿ ತಗೊಂಡು ಹೋಗಿ.